ಸೋಚಾ ನದಿಗೆ ಆರು ಜನ, ಜೂನ್ ಕೊನೆ ವಾರ: ಯಾವ ಭಾಗ, ಎಷ್ಟು ನೀರು, ಏನೇನು ಸಾಮಾನು?

ಮ್ಯೂನಿಕ್ ಮಲೆನಾಡು
ಎಲ್ಲರಿಗೂ ನಮಸ್ಕಾರ. ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್‌ನ ಆರು ಜನ ಗೆಳೆಯರು ಜೂನ್ ಕೊನೆ ವಾರ ಸ್ಲೊವೇನಿಯಾದ ಸೋಚಾ ನದಿಗೆ ಕಯಾಕ್ ಕಟ್ಟಿಕೊಂಡು ಹೊರಟಿದ್ದೇವೆ. ಬೋವೆತ್ಸ್ ಊರಲ್ಲಿ ಬಿಡಾರ, ಐದು ದಿನ ನೀರು. ವಾಪಸ್ ಬರುವಾಗ ಆಸ್ಟ್ರಿಯಾದಲ್ಲಿ ಎರಡು ದಿನ ನಿಂತು ಇನ್ ನದಿಯ ಇಮ್ಸ್ಟ್ ಕಮರಿ, ಸಾಧ್ಯವಾದರೆ ಎಟ್ಸ್‌ಟಾಲರ್ ಆಖೆ ಎಂಬ ಹೊಳೆಯನ್ನೂ ಮುಗಿಸುವ ಯೋಚನೆ.

ಗುಂಪು ಹೀಗಿದೆ: ಇಬ್ಬರಿಗೆ 4ನೇ ದರ್ಜೆಯ ನೀರು (1 ಸುಲಭ, 6 ಅತಿ ಕಠಿಣ) ರೂಢಿ, ಹರಿಯುವ ನೀರಲ್ಲಿ ರೋಲ್, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತೇ ನೆಟ್ಟಗೆ ಮಾಡುವುದು, ಗಟ್ಟಿ. ಮೂವರಿಗೆ ಈಜುಕೊಳದಲ್ಲಿ ರೋಲ್ ಬರುತ್ತದೆ, ಹೊಳೆಯಲ್ಲಿ ಹತ್ತಕ್ಕೆ ಐದು ಸಲ. ಇನ್ನೊಬ್ಬರು ಎರಡು ದಿನದ ಕೋರ್ಸ್ ಮಾತ್ರ ಮಾಡಿದ್ದಾರೆ. ಎರಡು ಕಾರು, ಆರು ದೋಣಿ. ಯಾವ ಭಾಗದಿಂದ ಶುರು ಮಾಡಬೇಕು? ಜೂನ್ ಕೊನೆಗೆ ನೀರು ಹೇಗಿರುತ್ತದೆ? ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು) ಬೇಕೇ ಬೇಕಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಿಮನೀರು
ಮೊದಲು ಒಂದು ಮಾತು. ಎಟ್ಸ್‌ಟಾಲರ್ ಆಖೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಜೂನ್ ಕೊನೆಗೆ ಅದು ನಿಮ್ಮ ಗುಂಪಿನಲ್ಲಿ ಯಾರಿಗೂ ಅಲ್ಲ, ಆ ಇಬ್ಬರಿಗೂ ಅಲ್ಲ.

ಕಾರಣ ಹೇಳುತ್ತೇನೆ. ಆಲ್ಪ್ಸ್‌ನಲ್ಲಿ ಹೊಳೆಗಳು ಎರಡು ಜಾತಿ. ಒಂದು, ಚಳಿಗಾಲದ ಹಿಮ ಮತ್ತು ಮಳೆಯಿಂದ ತುಂಬುವವು. ಸೋಚಾ ಅಂಥದ್ದು. ಮೇ ತಿಂಗಳಲ್ಲಿ ಉಕ್ಕಿ, ಜೂನ್ ಕೊನೆಗೆ ಇಳಿಮುಖವಾಗಿ, ಆಗಸ್ಟ್‌ನಲ್ಲಿ ಕಲ್ಲು ಕಾಣುವಷ್ಟು ಕಡಿಮೆ. ಇನ್ನೊಂದು, ಹಿಮನದಿಯಿಂದ ಹುಟ್ಟುವವು. ಎಟ್ಸ್‌ಟಾಲರ್ ಆಖೆ ಅಂಥದ್ದು. ಬಿಸಿಲು ಏರಿದಷ್ಟೂ ನೀರು ಏರುತ್ತದೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಅಬ್ಬರ. ಅದರ ಕೆಳಭಾಗ ಆ ಹೊತ್ತಿಗೆ 4–5ನೇ ದರ್ಜೆ, ಬೂದು ಬಣ್ಣದ ನೀರು, ನಿಲ್ಲಲು ಜಾಗ ಕಡಿಮೆ. ಪಳಗಿದವರೂ ಸೆಪ್ಟೆಂಬರ್‌ನ ತಣ್ಣನೆ ರಾತ್ರಿಗಳಿಗಾಗಿ ಕಾಯುತ್ತಾರೆ.

ಹಿಮನದಿಯ ಹೊಳೆಗೆ ದಿನದ ಏರಿಳಿತವೂ ಇದೆ. ಮೇಲೆ ಮಧ್ಯಾಹ್ನ ಕರಗಿದ ನೀರು ಕಣಿವೆಯ ತಳಕ್ಕೆ ಬರುವಾಗ ಸಂಜೆ, ಕೆಲವು ಕಡೆ ರಾತ್ರಿ. ಬೆಳಿಗ್ಗೆ ಎಲ್ಲಕ್ಕಿಂತ ಕಡಿಮೆ. ಹಾಗಾಗಿ ಇಂಥ ಹೊಳೆಗೆ ಬೆಳಿಗ್ಗೆ 9ಕ್ಕೆ ಇಳಿದು 12ರೊಳಗೆ ದಡ ಹತ್ತಬೇಕು. ಬೆಳಿಗ್ಗೆ 3ನೇ ದರ್ಜೆ ಅಂತ ನೋಡಿಕೊಂಡು ಬಂದ ಜಾಗ ಸಂಜೆ 5ಕ್ಕೆ 4 ಆಗಿರುತ್ತದೆ.

ಸೆಳವು
ಇದಕ್ಕೆ ನನ್ನದೂ ಒಪ್ಪಿಗೆ. ಇಮ್ಸ್ಟ್ ಕಮರಿಯನ್ನಾದರೂ ಉಳಿಸಿಕೊಳ್ಳಬಹುದಲ್ಲ? ಇಮ್ಸ್ಟ್‌ನಿಂದ ಹೈಮಿಂಗ್‌ವರೆಗೆ 3ನೇ ದರ್ಜೆ, ರಾಫ್ಟ್‌ಗಳು ದಿನವೂ ಓಡಾಡುತ್ತವೆ.

ಹಿಮನೀರು
ರಾಫ್ಟ್ ಓಡಾಡುತ್ತದೆ ಅಂದರೆ ಕಯಾಕ್‌ಗೆ ಸುಲಭ ಅಂತಲ್ಲ. ಇನ್ ದೊಡ್ಡ ನದಿ. ಜೂನ್‌ನಲ್ಲಿ ಅಲೆಗಳಿಗಿಂತ ತೊಂದರೆ ಕೊಡುವುದು ಕೆಳಗಿನಿಂದ ಕುದಿಯುವಂತೆ ಮೇಲೆ ಬರುವ ನೀರು ಮತ್ತು ಎಡ್ಡಿಯ (ಬಂಡೆಯ ಹಿಂದೆ ನೀರು ಹಿಂದಕ್ಕೆ ತಿರುಗುವ ಜಾಗದ) ಅಂಚು. ಮಗುಚಿ ರೋಲ್ ತಪ್ಪಿದರೆ ಈಜು ಉದ್ದ, ಐನೂರು ಮೀಟರ್ ಆದರೂ ಆಶ್ಚರ್ಯವಿಲ್ಲ. ರೋಲ್ ಹತ್ತಕ್ಕೆ ಐದು ಸಲ ಅಂದಿದ್ದಾರೆ, ಆ ಮೂವರನ್ನು ನೆನಪಿಟ್ಟುಕೊಳ್ಳಿ.

ಕಾಳಿತೀರ
ದಾಂಡೇಲಿಯಲ್ಲಿ ಕಲಿತವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಕಾಳಿಯಲ್ಲಿ ನೀರು ಸೂಪಾ ಅಣೆಕಟ್ಟಿನ ಟರ್ಬೈನ್ ಬಿಟ್ಟಷ್ಟು. ಬಿಟ್ಟಾಗ ಇದೆ, ನಿಲ್ಲಿಸಿದಾಗ ಇಲ್ಲ. ನೀರು ಬೆಚ್ಚಗೆ, ಬಿದ್ದರೆ ಹಾಯಾಗಿ ತೇಲಿ ಮುಂದಿನ ಮಡುವಿನಲ್ಲಿ ದೋಣಿ ಹಿಡಿಯಬಹುದು. ಆ ಅಭ್ಯಾಸ ಆಲ್ಪ್ಸ್‌ಗೆ ತರಬೇಡಿ. ಸೋಚಾ ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ, ಹಿಮನದಿಯ ಹೊಳೆಗಳು ಇನ್ನೂ ತಣ್ಣಗೆ.

ಮಂಜುನೀರಿಗೆ 1–10–1 ಎಂಬ ಲೆಕ್ಕವಿದೆ. ಮೊದಲ 1 ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಅದನ್ನು ಹತೋಟಿಗೆ ತರುವುದೇ ಕೆಲಸ. ನಂತರದ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತದೆ. ಅದಾದ ಮೇಲೆ ಹಗ್ಗ ಹಿಡಿಯಲು ಬೆರಳು ಮಡಚುವುದಿಲ್ಲ. ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ, ಆದರೆ ಅಷ್ಟು ಹೊತ್ತು ಉಪಯೋಗಕ್ಕೆ ಬರುವಂಥದ್ದು ಏನೂ ಉಳಿದಿರುವುದಿಲ್ಲ. ಸೋಚಾ ಅಷ್ಟು ಮಂಜಲ್ಲ, ಆದರೂ ಕ್ರಮ ಇದೇ.

ಬಿಳಿಬಂಡೆ
ಸೋಚಾದ ಭಾಗಗಳ ಬಗ್ಗೆ ಕೇಳಿದಿರಿ. ಮೇಲಿನಿಂದ ಕೆಳಕ್ಕೆ ಬರುತ್ತೇನೆ.

ಬೋವೆತ್ಸ್‌ಗಿಂತ ಮೇಲಿನ ಕಮರಿಗಳು ಇಕ್ಕಟ್ಟು. ಗೋಡೆ ಲಂಬ, ಒಳಹೋದ ಮೇಲೆ ಹೊರಬರುವ ದಾರಿ ಕೆಲವೇ. ಬಿಟ್ಟುಬಿಡಿ. ಚೆಸ್‌ಸೋಚಾದಿಂದ ಬೋಕಾವರೆಗೆ 1–2ನೇ ದರ್ಜೆ, ಬಿಳಿ ಜಲ್ಲಿಕಲ್ಲಿನ ಅಗಲ ಪಾತ್ರ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೋಕಾ ಜಲಪಾತ ಬಲಕ್ಕೆ, ನೂರು ಮೀಟರಿಗೂ ಹೆಚ್ಚು ಎತ್ತರ. ಬೋಕಾದಿಂದ ಸರ್ಪೆನಿತ್ಸಾವರೆಗೆ ಸ್ವಲ್ಪ ಚುರುಕು, 2, ಒಂದೆರಡು ಕಡೆ 3. ಸರ್ಪೆನಿತ್ಸಾದಿಂದ ತರ್ನೋವೋವರೆಗೆ ನಿಜವಾದ 3, ಮನೆಗಾತ್ರದ ಬಂಡೆಗಳ ನಡುವೆ ತಿರುವು, ಪ್ರತಿ ತಿರುವಿನ ಹಿಂದೆ ಎಡ್ಡಿ. ನಿಮ್ಮ ವಾರದ ಮುಖ್ಯ ಊಟ ಇದು.

ತರ್ನೋವೋದಿಂದ ಕೋಬಾರಿದ್ ಕಡೆಗೆ 4–5. ಬೆಟ್ಟ ಕುಸಿದು ಬಿದ್ದ ಸುಣ್ಣಕಲ್ಲಿನ ಬಂಡೆಗಳು ಒಂದರ ಮೇಲೊಂದು ಕೂತಿವೆ, ನೀರು ಅವುಗಳ ಮೇಲಿಂದಲ್ಲ, ಅಡಿಯಿಂದ ಹೋಗುತ್ತದೆ. ಇದಕ್ಕೆ ಸೈಫನ್ ಅನ್ನುತ್ತಾರೆ. ಮೇಲೆ ನೋಡಿದರೆ ನೀರು ಶಾಂತವಾಗಿ ಬಂಡೆಯ ಬುಡಕ್ಕೆ ಹೋಗಿ ಸೇರುತ್ತದೆ, ಬಂಡೆಗೆ ಬಡಿದು ಮೇಲೇಳುವ ನೊರೆಯ ದಿಂಬು ಇರುವುದಿಲ್ಲ. ನೊರೆ ಇದ್ದರೆ ನೀರು ವಾಪಸ್ ಬರುತ್ತಿದೆ ಅಂತ ಅರ್ಥ. ನೊರೆಯೇ ಇಲ್ಲದ ಬಂಡೆ ಕಂಡರೆ ದೂರವಿರಿ.

ಕೋರಿತ್ನಿತ್ಸಾ ಎಂಬ ಉಪನದಿ ಇದೆ, ಕಮರಿ ತುಂಬಾ ಚಂದ, 3–4. ಮರ ಬಿದ್ದಿದೆಯಾ ಅಂತ ಮೇಲಿನ ಸೇತುವೆಗಳಿಂದ ನೋಡಿಕೊಂಡೇ ಇಳಿಯಬೇಕು. ಆ ಇಬ್ಬರು ಒಂದು ಬೆಳಿಗ್ಗೆ ಮಾಡಿಬರಲಿ.

ಹುಟ್ಟುಗೋಲು
"ಇಬ್ಬರು ಮಾಡಿಬರಲಿ" ಅನ್ನುವುದನ್ನು ಒಪ್ಪಲಾರೆ. ಕಮರಿಯಲ್ಲಿ ಕನಿಷ್ಠ ಮೂರು ಜನ. ಒಬ್ಬ ಸಿಕ್ಕಿಕೊಂಡರೆ ಒಬ್ಬ ಹಗ್ಗ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಕಾಯಬೇಕು ಅಥವಾ ಸಹಾಯಕ್ಕೆ ಓಡಬೇಕು. ಮೂರನೆಯವರಾಗಿ ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ.

ಬಿಳಿಬಂಡೆ
ಸರಿ, ಒಪ್ಪಿದೆ. ಮೂರು ಜನ.

ಬಾರಾಪೊಳೆ
ಪರವಾನಗಿ ಬಗ್ಗೆ ಯಾರೂ ಹೇಳಲಿಲ್ಲ. ಸೋಚಾದಲ್ಲಿ ದೋಣಿ ಇಳಿಸಲು ಪರವಾನಗಿ ಕಡ್ಡಾಯ, ಪ್ರತಿಯೊಬ್ಬರಿಗೂ ಬೇಕು, ಬೋವೆತ್ಸ್‌ನಲ್ಲಿ ಸಿಗುತ್ತದೆ. ಹೊಳೆ ತೆರೆದಿರುವುದು ಮಾರ್ಚ್ 15ರಿಂದ ಅಕ್ಟೋಬರ್ 31ರವರೆಗೆ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ. ಗುರುತು ಹಾಕಿದ ಜಾಗದಲ್ಲೇ ಇಳಿಯಬೇಕು, ಅಲ್ಲೇ ಹತ್ತಬೇಕು. ಹೊಳೆಯಲ್ಲಿ ಮಾರ್ಬಲ್ ಟ್ರೌಟ್ ಎಂಬ ಅಪರೂಪದ ಮೀನಿದೆ, ಜಲ್ಲಿಯಲ್ಲಿ ಮೊಟ್ಟೆ ಇಡುತ್ತದೆ. ಕಂಡಕಂಡಲ್ಲಿ ದೋಣಿ ಎಳೆದು ಜಲ್ಲಿ ಕೆದಕಬಾರದು. ಬೇರೆ ಹೊಳೆಯಲ್ಲಿ ಬಳಸಿದ ದೋಣಿ, ಬೂಟು, ಹಗ್ಗವನ್ನು ತೊಳೆದು ಪೂರ್ತಿ ಒಣಗಿಸಿ ತನ್ನಿ. ಪಾಚಿ, ರೋಗ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವುದೇ ಒದ್ದೆ ಸಾಮಾನಿನ ಮೂಲಕ.

ಬಯಲಲ್ಲಿ ಟೆಂಟ್ ಹಾಕುವುದು ಸ್ಲೊವೇನಿಯಾದಲ್ಲಿ ನಿಷಿದ್ಧ. ಕ್ಯಾಂಪಿಂಗ್ ಜಾಗ ಮೊದಲೇ ಕಾಯ್ದಿರಿಸಿ.

ಇಸಾರ್ ದಂಡೆ
ನೀರಿನ ಮಟ್ಟಕ್ಕೆ ಸ್ಲೊವೇನಿಯಾದ ಪರಿಸರ ಸಂಸ್ಥೆ ಆರ್ಸೋದ ಮಾಪಕ ನೋಡಿ. ಲೋಗ್ ಚೆಸ್‌ಸೋಷ್ಕಿ ಎಂಬ ನಿಲ್ದಾಣ. ಅಂಕಿಗಿಂತ ಗೆರೆಯ ಓರೆ ಮುಖ್ಯ. ಗೆರೆ ಇಳಿಯುತ್ತಿದ್ದರೆ ನೆಮ್ಮದಿ, ಚೂಪಾಗಿ ಏರುತ್ತಿದ್ದರೆ ಮೇಲೆಲ್ಲೋ ಮಳೆ ಹೊಡೆದಿದೆ. ಅದು ಸುಣ್ಣಕಲ್ಲಿನ ಸೀಮೆ, ಕಡಿದಾದ ಬೆಟ್ಟ, ಬಿದ್ದ ಮಳೆ ಬೇಗ ಹೊಳೆಗೆ ಬರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ. ಹಸಿರು ನೀರು ಹಾಲು ಬೆರೆಸಿದಂತೆ ಮಬ್ಬಾದರೆ, ಕಡ್ಡಿ ಎಲೆ ತೇಲಿಬಂದರೆ, ಮುಂದಿನ ದಡಕ್ಕೆ ಹತ್ತಿಬಿಡಿ.

ನಿಘಂಟುಪ್ರೇಮಿ
ವಿಷಯಾಂತರ ಕ್ಷಮಿಸಿ. ಎಲ್ಲರೂ "ಎಡ್ಡಿ" ಅಂತ ಬರೆಯುತ್ತಿದ್ದೀರಿ. ಕನ್ನಡದಲ್ಲಿ "ಸುಳಿ" ಇದೆಯಲ್ಲ?

ಕಾಳಿತೀರ
ಸುಳಿ ಬೇರೆ ರೀ. ಸುಳಿ ಒಳಗೆ ಎಳೆಯುತ್ತದೆ. ಎಡ್ಡಿ ಅಂದರೆ ಬಂಡೆಯ ಕೆಳಮಗ್ಗುಲಲ್ಲಿ ನೀರು ಹಿಂದಕ್ಕೆ ತಿರುಗಿ ದೋಣಿಯನ್ನು ನಿಲ್ಲಿಸಿಕೊಳ್ಳುವ ಜಾಗ. ಉಸಿರು ತಿರುಗಿಸಿಕೊಳ್ಳುವುದೇ ಅಲ್ಲಿ. ಹೊಸಬರಿಗೆ "ಸುಳಿಗೆ ಹೋಗು" ಅಂತ ಕೂಗಿದರೆ ಗಾಬರಿಯಾಗುತ್ತಾರೆ.

ನಿಘಂಟುಪ್ರೇಮಿ
ಹಾಗಾದರೆ "ಹಿನ್ನೀರು"?

ಬಾರಾಪೊಳೆ
ಹಿನ್ನೀರು ಅಂದರೆ ಲಿಂಗನಮಕ್ಕಿಯೇ ಕಣ್ಣ ಮುಂದೆ ಬರುತ್ತದೆ. "ತಿರುಗುನೀರು" ಆಗಬಹುದೇನೋ. ಆದರೆ ಹೊಳೆಯ ಸದ್ದಿನಲ್ಲಿ ಕೂಗಲು ಎರಡು ಅಕ್ಷರದ ಎಡ್ಡಿಯೇ ಚೆನ್ನ.

ಹುಟ್ಟುಗೋಲು
ಎಡ್ಡಿಯ ಮಾತು ಬಂತಲ್ಲ, ಆ ಮೂವರು ಮಗುಚುವುದು ಅಲ್ಲೇ. ಅಲೆಗಿಂತ ಎಡ್ಡಿ ಗೆರೆಯಲ್ಲಿ ಮಗುಚುವವರೇ ಹೆಚ್ಚು. ತಪ್ಪು ಮೂರು ಕಡೆ ಆಗುತ್ತದೆ. ಒಂದು, ತಡವಾಗಿ ಹೊರಡುವುದು. ಎಡ್ಡಿಯ ತಲೆಯ ಹತ್ತಿರ, ಬಂಡೆಗೆ ಅಂಟಿದಂತೆ ಒಳಹೋಗಬೇಕು, ಬಾಲದ ಕಡೆ ಹೋದರೆ ಗೆರೆ ಅಗಲವಾಗಿ, ಕಲಸಿದಂತಿರುತ್ತದೆ. ಎರಡು, ವೇಗ ಸಾಲದೇ ಇರುವುದು. ಗೆರೆ ದಾಟುವಾಗ ಹುಟ್ಟು ನಿಲ್ಲಿಸಬಾರದು, ಸುಮಾರು 45 ಡಿಗ್ರಿ ಓರೆಯಲ್ಲಿ ನುಗ್ಗಬೇಕು. ಮೂರು, ಓಲುವ ದಿಕ್ಕು. ಒಳಗೆ ಬಂದ ಕೂಡಲೇ ತಿರುವಿನ ಒಳಮಗ್ಗುಲಿಗೆ, ಸೈಕಲ್ ತಿರುಗಿಸುವಾಗ ಓಲುವಂತೆ ಓಲಬೇಕು. ಎಡ್ಡಿಯಿಂದ ಹೊಳೆಗೆ ಹೊರಡುವಾಗ ಕೆಳನೀರಿನ ಕಡೆಗೆ ಓಲಬೇಕು. ಹೆದರಿ ಮೇಲ್‌ನೀರಿನ ಕಡೆ ಓಲಿದರೆ ಹರಿಯುವ ನೀರು ಆ ಅಂಚನ್ನು ಹಿಡಿದು ಕ್ಷಣದಲ್ಲಿ ತಿರುಗಿಸಿಹಾಕುತ್ತದೆ.

ಮೊದಲ ದಿನ ಪೂರ್ತಿ ಚೆಸ್‌ಸೋಚಾ–ಬೋಕಾದಲ್ಲಿ ಇದನ್ನೇ ಮಾಡಿ. ಪ್ರತಿ ಎಡ್ಡಿಗೂ ಹೋಗಿ, ಹೊರಬನ್ನಿ. ಆ ತಣ್ಣೀರಿನಲ್ಲೇ ಹತ್ತು ರೋಲ್. ಮೂಗಿಗೆ ಕ್ಲಿಪ್ ಹಾಕಿದರೆ ತಣ್ಣೀರು ಮೂಗಿಗೆ ಹೊಡೆಯುವ ಆಘಾತ ತಪ್ಪಿ ರೋಲ್ ನೆಟ್ಟಗಾಗುತ್ತದೆ. ತಲೆ ಕೊನೆಗೆ ಬರಬೇಕು. ಗಾಳಿ ಬೇಕು ಅಂತ ತಲೆ ಮೊದಲು ಎತ್ತಿದವರು ಮತ್ತೆ ಮುಳುಗುತ್ತಾರೆ.

ಇಸಾರ್ ದಂಡೆ
ಮಗುಚಿ ಹೊರಬಿದ್ದರೆ ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಚಾಚಿ, ಯಾರಾದರೂ ಹಗ್ಗ ಎಸೆಯುವವರೆಗೆ ತೇಲುತ್ತಿರಿ ಅಂತ ಹೊಸಬರಿಗೆ ಹೇಳಿಕೊಡಿ.

ಬಿಳಿಬಂಡೆ
ಇಲ್ಲ, ಅರ್ಧ ಮಾತ್ರ ಸರಿ. ಕಾಲು ಮುಂದೆ ಚಾಚಿ ತೇಲುವುದು ಆಳವಿಲ್ಲದ ಕಲ್ಲುಹಾಸಿನ ಮೇಲೆ, ಅದೂ ಸ್ವಲ್ಪ ಹೊತ್ತು. ಸೋಚಾದಂಥ ಬಂಡೆಗಳ ಹೊಳೆಯಲ್ಲಿ ಸುಮ್ಮನೆ ತೇಲಿದರೆ ನೀರು ಒಯ್ದಲ್ಲಿ ಹೋಗುತ್ತೀರಿ, ಸೈಫನ್‌ಗೂ ಒಯ್ಯುತ್ತದೆ. ದಾರಿ ಕಂಡ ಕೂಡಲೇ ಹೊಟ್ಟೆಯ ಮೇಲೆ ಹೊರಳಿ ಎಡ್ಡಿಯ ಕಡೆಗೆ ಶಕ್ತಿ ಹಾಕಿ ಈಜಬೇಕು. ಎಡ್ಡಿ ಗೆರೆ ದಾಟುವಾಗ ಮೈಯನ್ನೇ ಒಂದು ಸುತ್ತು ಉರುಳಿಸಿದರೆ ಒಳಗೆ ಬೀಳುತ್ತೀರಿ. ಮುಂದೆ ಅಡ್ಡ ಮರ ಬಿದ್ದಿದ್ದರೆ ಕಾಲು ಮುಂದಿಟ್ಟು ಹೋಗಲೇಬಾರದು. ತಲೆ ಮುಂದಾಗಿ ರಭಸದಿಂದ ಈಜಿ ಮರದ ಮೇಲೆ ಎದೆ ಹಾಕಿ ಹತ್ತಬೇಕು.

ಇನ್ನೊಂದು, ಮೊಣಕಾಲಿಗಿಂತ ಆಳದ ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಖ ಒಳಗೆ ಒತ್ತುತ್ತದೆ. ಸೊಂಟದಷ್ಟು ನೀರಿನಲ್ಲೂ ಜೀವ ಹೋಗುವುದು ಹೀಗೆ.

ಇಸಾರ್ ದಂಡೆ
ತಿದ್ದಿದ್ದಕ್ಕೆ ಧನ್ಯವಾದ. ನಾನು ಬರೆದದ್ದು ರಾಫ್ಟಿಂಗ್ ಪಾಠ, ಕಯಾಕ್‌ಗೆ ಅದು ಸಾಲದು.

ಸೆಳವು
ಹಗ್ಗದ ವಿಷಯ ನಾನು ಹೇಳುತ್ತೇನೆ. ಎಸೆಯುವ ಹಗ್ಗದ ಚೀಲ ತಲೆಗೊಂದು, 20 ಮೀಟರಿನದು. ನಾಲ್ಕು ಚೀಲ ಸಾಕು ಅಂತ ಉಳಿಸಲು ಹೋಗಬೇಡಿ. ಈಜುವವರು ನಿಮ್ಮತ್ತ ನೋಡಿದ ಮೇಲೆ "ಹಗ್ಗ" ಅಂತ ಕೂಗಿ ತಲೆಯ ಆಚೆಗೆ ಬೀಳುವಂತೆ ಎಸೆಯಬೇಕು. ತಲೆಯ ಈಚೆಗೆ ಬಿದ್ದ ಹಗ್ಗ ಕೈಗೆ ಸಿಗುವುದಿಲ್ಲ. ಹಿಡಿದವರು ಬೆನ್ನ ಮೇಲಾಗಿ, ದಡದಿಂದ ದೂರವಿರುವ ಭುಜದ ಮೇಲೆ ಹಗ್ಗ ಇಟ್ಟುಕೊಂಡರೆ ನೀರೇ ದಡದ ಕಡೆ ಓರೆಯಾಗಿ ತಳ್ಳುತ್ತದೆ. ಕೈಗೆ ಸುತ್ತಿಕೊಳ್ಳಬಾರದು. ಎಸೆಯುವವರೂ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಬಾರದು. ನಿಲ್ಲುವ ಜಾಗ ಆರಿಸುವ ಮುಂಚೆ ಆ ವ್ಯಕ್ತಿ ತೂಗಿಕೊಂಡು ಎಲ್ಲಿಗೆ ಬಂದು ಸೇರುತ್ತಾನೆ ಅಂತ ನೋಡಿ. ಅಲ್ಲಿ ಎಡ್ಡಿ ಇರಬೇಕು, ಬಂಡೆ ಅಲ್ಲ.

ಮ್ಯೂನಿಕ್ ಮಲೆನಾಡು
ಕಟ್ಟಿಕೊಳ್ಳಬಾರದು ಅಂದಿರಿ. ನಮ್ಮ ಇಬ್ಬರ ಲೈಫ್ ಜಾಕೆಟ್‌ನಲ್ಲಿ ಹಿಂದೆ ಒಂದು ಉಂಗುರ, ಮುಂದೆ ಬಣ್ಣದ ಗುಂಡು ಇದೆ. ಅದಕ್ಕೆ ಹಗ್ಗ ಸಿಕ್ಕಿಸಬಹುದಲ್ಲ?

ಸೆಳವು
ಅದು ಬೇರೆ, ಅದು ಬಿಡಿಸಿಕೊಳ್ಳುವ ಪಟ್ಟಿ. ಆದರೆ ಹಾಕುವ ಕ್ರಮ ಗೊತ್ತಿರಬೇಕು. ಪಟ್ಟಿ ಮುಂದೆ ಪ್ಲಾಸ್ಟಿಕ್ ಬಕಲ್‌ಗೆ ಬರುವ ಮೊದಲು ಒಂದು ಲೋಹದ ತಟ್ಟೆ ಇರುತ್ತದೆ. ಪಟ್ಟಿಯನ್ನು ಆ ತಟ್ಟೆಯ ಸೀಳುಗಳಲ್ಲಿ ಪೋಣಿಸಿದರೆ ತಿಕ್ಕಾಟ ಹೆಚ್ಚಾಗಿ ಭಾರ ಹೊರುತ್ತದೆ, ಆದರೆ ಎಳೆತ ಕಡಿಮೆ ಇದ್ದಾಗ ಗುಂಡು ಎಳೆದರೂ ಬಿಟ್ಟುಕೊಳ್ಳದೆ ಕಚ್ಚಿಕೊಳ್ಳಬಹುದು. ತಟ್ಟೆ ಬಿಟ್ಟು ನೇರ ಬಕಲ್‌ಗೆ ಹಾಕಿದರೆ ಸಲೀಸಾಗಿ ಬಿಡುತ್ತದೆ, ಆದರೆ ಭಾರ ಬಿದ್ದಾಗ ಜಾರಬಹುದು. ಬಕಲ್ ದಾಟಿದ ಮೇಲೆ ಉಳಿಯುವ ತುದಿ ಒಂದು ಗೇಣು ಇರಲಿ, ಅದನ್ನು ಎಲ್ಲೂ ಸಿಕ್ಕಿಸಬೇಡಿ, ಗಂಟು ಹಾಕಬೇಡಿ. ಗಂಟು ಹಾಕಿದರೆ ಪಟ್ಟಿ ಹೊರಗೆ ಹೋಗುವುದೇ ಇಲ್ಲ. ನಿಮ್ಮ ಜಾಕೆಟ್‌ನ ಕೈಪಿಡಿ ನೋಡಿ, ಚೆಸ್‌ಸೋಚಾದ ಸಣ್ಣ ಸೆಳವಿನಲ್ಲಿ ಹಗ್ಗ ಹಾಕಿ ನಿಂತು, ಹಿಂದಿನಿಂದ ಎಳೆತ ಬಿದ್ದಾಗ ಒಂದೇ ಕೈಯಲ್ಲಿ ಗುಂಡು ಎಳೆದು ಬಿಡಿಸಿಕೊಳ್ಳಿ. ಮೂರು ಸಲ ಬಿಟ್ಟರೆ ಮಾತ್ರ ಅದನ್ನು ನಂಬಿ. ಉಳಿದ ನಾಲ್ವರು ಆ ಪಟ್ಟಿ ಮುಟ್ಟುವುದೇ ಬೇಡ.

ಹಿಮನೀರು
ಅದರ ಜತೆ ಆ ಇಬ್ಬರ ಹತ್ತಿರ ತಲಾ ಎರಡು ರಾಟೆ, ಎರಡು ಪ್ರುಸಿಕ್ ಕುಣಿಕೆ (ಎಳೆದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಕುಣಿಕೆ), ಮೂರು ಸ್ಕ್ರೂ ಕ್ಯಾರಬಿನರ್ (ತಿರುಪಿನ ಲೋಹದ ಕೊಂಡಿ), 4 ಮೀಟರ್ ಪಟ್ಟಿ ಇರಲಿ. ಬಂಡೆಗೆ ಅಂಟಿದ ದೋಣಿಯನ್ನು ಮೂರಕ್ಕೆ ಒಂದರ ಲೆಕ್ಕದಲ್ಲಿ, ಅಂದರೆ ಬಲ ಮೂರು ಪಟ್ಟಾಗುವಂತೆ ಎಳೆಯಲು ಇಷ್ಟು ಸಾಕು. ರಾಟೆ ಬದಲು ಬರೀ ಕ್ಯಾರಬಿನರ್ ಮೇಲೆ ಹಗ್ಗ ಓಡಿಸಿದರೆ ತಿಕ್ಕಾಟದಲ್ಲೇ ಬಹಳಷ್ಟು ಬಲ ಹೋಗುತ್ತದೆ. ಆದರೆ ಮೊದಲು ಇಬ್ಬರು ದೋಣಿಯ ತುದಿ ಹಿಡಿದು ಅಲುಗಿಸಿ ನೋಡಿ. ಮುಕ್ಕಾಲು ಪಾಲು ದೋಣಿಗಳು ದಿಕ್ಕು ಬದಲಿಸಿ ಎಳೆದರೆ ಬಂದುಬಿಡುತ್ತವೆ.

ಇಸಾರ್ ದಂಡೆ
ಡ್ರೈಸೂಟ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸೋಚಾಗೆ ಜೂನ್‌ನಲ್ಲಿ 3 ಮಿಲಿಮೀಟರಿನ ಉದ್ದ ನಿಯೋಪ್ರೀನ್ ರಬ್ಬರ್ ಉಡುಪು, ಮೇಲೆ ಕುತ್ತಿಗೆ ಕೈ ಬಿಗಿಯಿರುವ ಜಾಕೆಟ್ ಸಾಕಾಗುತ್ತದೆ.

ಹುಟ್ಟುಗೋಲು
ಆ ಇಬ್ಬರಿಗೆ ಸಾಕು. ಆದರೆ ಹೆಚ್ಚು ಈಜುವವರು ಆ ನಾಲ್ವರು. ಮೂರನೇ ಸಲ ಬಿದ್ದ ಮೇಲೆ ನಡುಗುತ್ತಾ ಕೂತವರಿಂದ ರೋಲ್ ನಿರೀಕ್ಷಿಸಲಾಗದು. ಡ್ರೈಸೂಟ್ ಇರುವುದು ಎರಡೇ ಆದರೆ ಹೊಸಬರಿಗೆ ಕೊಡಿ. ಒಳಗೆ ಫ್ಲೀಸ್ ಅಥವಾ ಉಣ್ಣೆ, ಹತ್ತಿ ಬಟ್ಟೆ ಬೇಡವೇ ಬೇಡ. ನೀರಿಗಿಳಿಯುವ ಮೊದಲು ಕುತ್ತಿಗೆಯ ರಬ್ಬರನ್ನು ಎರಡು ಬೆರಳಲ್ಲಿ ಅಗಲಿಸಿ, ಕುಕ್ಕರಗಾಲಲ್ಲಿ ಕೂತು ಒಳಗಿನ ಗಾಳಿ ಹೊರಹಾಕಬೇಕು. ಇಲ್ಲದಿದ್ದರೆ ಬಿದ್ದಾಗ ಗಾಳಿ ಕಾಲಿಗೆ ತುಂಬಿ ಈಜಲು ಆಗುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಲೇಟೆಕ್ಸ್ ಕುತ್ತಿಗೆಯ ಸೂಟ್ ಹಾಕಬೇಡಿ. ಎಣ್ಣೆ ತಾಗಿದ ಲೇಟೆಕ್ಸ್ ಮೊದಲು ಅಂಟಂಟಾಗಿ, ಆಮೇಲೆ ಅಂಚಿನಲ್ಲಿ ಸೀಳು ಬಿಡುತ್ತದೆ. ಬಿಸಿಲಿನ ಕ್ರೀಮೂ ಹಾಗೇ. ಎಳೆದು ಹಾಕುವ ಮುಂಚೆ ಟಾಲ್ಕಂ ಪೌಡರ್ ಸವರಿ.

ಕಾಳಿತೀರ
ಕೊಬ್ಬರಿ ಎಣ್ಣೆಯ ಮಾತು ಬಹಳ ಉಪಯೋಗದ್ದು. ಬಾಡಿಗೆ ಸೂಟ್ ಹರಿದರೆ ದಂಡವನ್ನೂ ಕಟ್ಟಬೇಕು.

ಬಾರಾಪೊಳೆ
ಎರಡು ಕಾರು ಆರು ದೋಣಿ ಅಂದಿದ್ದೀರಿ. ಕಾರಿನ ಚಾವಣಿ ಎಷ್ಟು ಭಾರ ಹೊರುತ್ತದೆ ಅಂತ ಕೈಪಿಡಿಯಲ್ಲಿ ನೋಡಿದ್ದೀರಾ? ಹೆಚ್ಚಿನ ಕಾರುಗಳಿಗೆ 50ರಿಂದ 75 ಕಿಲೋ. ಒಂದು ಕ್ರೀಕ್ ದೋಣಿ (ಕಡಿದಾದ ಹೊಳೆಗೆ ಮಾಡಿದ ಕಯಾಕ್) 20–23 ಕಿಲೋ. ಮೂರಕ್ಕೆ 66 ಅಂತಿಟ್ಟುಕೊಳ್ಳಿ, ಅಡ್ಡಪಟ್ಟಿಗೆ 5, ಒಟ್ಟು 71. 75ರ ಕಾರಿಗೆ ಸರಿ, 50ರ ಕಾರಿಗೆ ಎರಡೇ ದೋಣಿ. ದೋಣಿಯೊಳಗೆ ಒದ್ದೆ ಸಾಮಾನು ತುಂಬಿಟ್ಟರೆ ಆ ಲೆಕ್ಕವೂ ಹೋಯಿತು.

ಕಟ್ಟಲು ಸಾದಾ ಬಕಲ್ ಪಟ್ಟಿ, 25 ಮಿಲಿಮೀಟರ್ ಅಗಲ. ಲಾರಿಗೆ ಕಟ್ಟುವ ರಾಚೆಟ್ ಬೇಡ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಅದರ ಬಿಗಿಗೆ ಒಳಗೆ ತಗ್ಗುತ್ತದೆ.

ಸೆಳವು
ರಾಚೆಟ್ ಅಷ್ಟೇನೂ ಕೆಟ್ಟದ್ದಲ್ಲ, ಹಿತವಾಗಿ ಬಿಗಿದರಾಯಿತು.

ಬಾರಾಪೊಳೆ
ಬೆಳಿಗ್ಗೆ 5ಕ್ಕೆ ಹೊರಡುವ ಅವಸರದಲ್ಲಿ ಹಿತವಾಗಿ ಬಿಗಿಯುವವರು ಯಾರೂ ಇಲ್ಲ. ಪಟ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿದರೆ ಹೆದ್ದಾರಿಯಲ್ಲಿ ಗುಂಯ್ಗುಡುವುದಿಲ್ಲ. 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಿ. ಬಾಡಿಗೆ ಕಾರಾದರೆ ಚಾವಣಿ ಮೇಲೆ ಹೇರಲು ಅನುಮತಿ ಇದೆಯಾ ಅಂತ ಕರಾರು ಓದಿ, ಬಹಳ ಕಡೆ ಇಲ್ಲ.

ಇಸಾರ್ ದಂಡೆ
ದಾರಿ: ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ (ಹೆದ್ದಾರಿ ಸುಂಕದ ಚೀಟಿ) ಬೇಕು, ಟೌಅರ್ನ್ ಹೆದ್ದಾರಿಗೆ ಬೇರೆ ಸುಂಕ. ಫಿಲ್ಲಾಖ್ ದಾಟಿ ಇಟಲಿಯ ತಾರ್ವಿಸಿಯೋ, ಅಲ್ಲಿಂದ 1156 ಮೀಟರಿನ ಪ್ರೆದೆಲ್ ಕಣಿವೆದಾರಿ ಇಳಿದರೆ ಬೋವೆತ್ಸ್. ಹೀಗೆ ಹೋದರೆ ಸ್ಲೊವೇನಿಯಾದ ಹೆದ್ದಾರಿ ಮುಟ್ಟುವುದೇ ಇಲ್ಲ, ಅಲ್ಲಿನ ವಿನ್ಯೆಟ್ ಉಳಿಯುತ್ತದೆ. 1611 ಮೀಟರಿನ ವರ್ಶಿಚ್ ದಾರಿ ಸುಂದರ, ಆದರೆ 50 ಹೇರ್‌ಪಿನ್ ತಿರುವು. ಚಾವಣಿ ತುಂಬಿದ ಕಾರಿಗೆ ಬೇಡ. ಜರ್ಮನಿಯ ವಾಸ ಪರವಾನಗಿ ಕಾರ್ಡು ಮತ್ತು ಪಾಸ್‌ಪೋರ್ಟ್ ಎರಡೂ ಜತೆಗಿರಲಿ, ವಾಪಸ್ ಬರುವಾಗ ಗಡಿಯಲ್ಲಿ ನೋಡುತ್ತಾರೆ.

ನಿಘಂಟುಪ್ರೇಮಿ
ಕೋಬಾರಿದ್‌ನಲ್ಲಿ ಒಂದು ಮಧ್ಯಾಹ್ನ ಇಡಿ. ಇಟಾಲಿಯನ್ನರಿಗೆ ಸೋಚಾ ಅಂದರೆ ಇಸೋಂಜೋ, ಕೋಬಾರಿದ್ ಅಂದರೆ ಕಾಪೊರೆತ್ತೋ. ಮೊದಲ ಮಹಾಯುದ್ಧದಲ್ಲಿ, 1915ರಿಂದ 1917ರವರೆಗೆ, ಈ ಕಣಿವೆಯಲ್ಲಿ ಹನ್ನೆರಡು ಕದನ ನಡೆದವು, ಕೊನೆಯದು 1917ರ ಅಕ್ಟೋಬರ್‌ನಲ್ಲಿ ಇಲ್ಲೇ. ಊರಿನ ವಸ್ತುಸಂಗ್ರಹಾಲಯ ನೋಡಲೇಬೇಕಾದ್ದು. ಬೆಟ್ಟದಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಮುಟ್ಟಬೇಡಿ, ಸಿಡಿಯದ ಮದ್ದು ಈಗಲೂ ಸಿಗುತ್ತದೆ.

ಕಾಳಿತೀರ
ಸಸ್ಯಾಹಾರಿಗಳಿದ್ದರೆ ಅಲ್ಲಿನ ಶ್ಟ್ರುಕ್ಲಿ ತಿನ್ನಿ, ವಾಲ್‌ನಟ್, ಒಣದ್ರಾಕ್ಷಿ ತುಂಬಿದ ಕಡುಬು. ಫ್ರಿಕಾ ಅಂದರೆ ಆಲೂಗಡ್ಡೆ ಚೀಸ್, ಕೆಲವು ಕಡೆ ಹಂದಿಮಾಂಸ ಸೇರಿಸುತ್ತಾರೆ, ಕೇಳಿ ತಗೊಳ್ಳಿ. ನೀರಿನ ದಿನಕ್ಕೆ ಮಾತ್ರ ಅವಲಕ್ಕಿ ಸುಲಭ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಹಾಕಿ ಡಬ್ಬಿಯಲ್ಲಿ ಒಯ್ದರೆ ಒಲೆಯೇ ಬೇಡ. ಊರಿಂದ ಬರುವವರಿಗೆ ತುಪ್ಪ, ಪೇಡಾ ತರಲು ಹೇಳಬೇಡಿ, ಹಾಲಿನ ಪದಾರ್ಥ ಯುರೋಪಿಗೆ ಬಿಡುವುದಿಲ್ಲ.

ಹುಟ್ಟುಗೋಲು
ಮತ್ತೆ ಹೊಳೆಗೆ ಬರೋಣ. ಆರು ಜನ ಒಟ್ಟಿಗೆ ಇಳಿಯಬೇಡಿ, ಒಂದು ಎಡ್ಡಿಯಲ್ಲಿ ಆರು ದೋಣಿ ಹಿಡಿಯುವುದಿಲ್ಲ. ಮೂರು ಮೂರರ ಎರಡು ತಂಡ, ಗಟ್ಟಿಗರು ಒಂದೊಂದರಲ್ಲಿ. ಮುಂದಿನವರು ಎಡ್ಡಿಗೆ ಸೇರಿ ಹುಟ್ಟನ್ನು ನೆಟ್ಟಗೆ ಎತ್ತಿದ ಮೇಲೆ ಮುಂದಿನ ದೋಣಿ. ಹುಟ್ಟು ಅಡ್ಡ ಹಿಡಿದರೆ ನಿಲ್ಲಿ. ಸೀಟಿ ಒಂದು ಸಲ ಅಂದರೆ ಇತ್ತ ನೋಡಿ, ಮೂರು ಸಲ ಅಂದರೆ ಅಪಾಯ. ಕೈ ತೋರಿಸುವಾಗ ಹೋಗಬೇಕಾದ ದಿಕ್ಕನ್ನೇ ತೋರಿಸಿ. ಅಪಾಯದ ಬಂಡೆಯತ್ತ ಬೆರಳು ಮಾಡಿದರೆ ಅರ್ಥವಾಗದವರು ಅಲ್ಲಿಗೇ ಹೋಗುತ್ತಾರೆ.

ಸ್ಪ್ರೇ ಹೊದಿಕೆಯ (ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಹೊದಿಕೆ) ಎಳೆಯುವ ಕುಣಿಕೆ ಹೊರಗಿದೆಯಾ ಅಂತ ಪ್ರತಿ ಸಲ ಪಕ್ಕದವರು ನೋಡಬೇಕು. ಕುಣಿಕೆ ಒಳಗೆ ಸೇರಿಬಿಟ್ಟರೆ ತಲೆಕೆಳಗಾಗಿ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಹಿಮನೀರು
ವಿಮೆಯ ಕರಾರಿನಲ್ಲಿ ಎಷ್ಟನೇ ದರ್ಜೆಯವರೆಗೆ ಅಂತ ಓದಿ, ಹೆಲಿಕಾಪ್ಟರ್ ಸೇರಿದೆಯಾ ನೋಡಿ. ತುರ್ತಿಗೆ ಎಲ್ಲ ಕಡೆ 112. ಫೋನು ಗುಂಪಿನಲ್ಲಿ ಎರಡು, ಜಲನಿರೋಧಕ ಚೀಲದಲ್ಲಿ, ಜಾಕೆಟ್ ಮೇಲೆ. ದೋಣಿಯಲ್ಲಿಟ್ಟರೆ ದೋಣಿಯ ಜತೆ ಹೋಗುತ್ತದೆ.

ವಾಪಸ್ ದಾರಿಗೆ ಇನ್ ಬದಲು ಪೂರ್ವ ಟಿರೋಲ್‌ನ ಇಸೆಲ್ ನೋಡಿ. ಗೈಲ್ ಕಣಿವೆ ಮೂಲಕ ಲೀಂಟ್ಸ್‌ಗೆ ಬಂದು, ಫೆಲ್ಬರ್‌ಟೌಅರ್ನ್ ಸುರಂಗದಿಂದ ಮ್ಯೂನಿಕ್ ಕಡೆಗೆ. ಇಸೆಲ್ ಆಲ್ಪ್ಸ್‌ನಲ್ಲಿ ಅಣೆಕಟ್ಟಿಲ್ಲದೆ ಉಳಿದ ಅಪರೂಪದ ಹಿಮನದಿಯ ಹೊಳೆ. ಲೀಂಟ್ಸ್‌ಗೆ ಇಳಿಯುವ ಕೆಳಭಾಗ ಬೆಳಿಗ್ಗೆ 2–3ನೇ ದರ್ಜೆ.

ಮ್ಯೂನಿಕ್ ಮಲೆನಾಡು
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಯೋಜನೆ ಬದಲಾಯಿತು. ಮೊದಲ ದಿನ ಚೆಸ್‌ಸೋಚಾ–ಬೋಕಾ, ಎಡ್ಡಿ ಮತ್ತು ಹಗ್ಗ ಮಾತ್ರ. ಎರಡನೇ ದಿನ ಗೈಡ್ ಜತೆ ಬೋಕಾ–ಸರ್ಪೆನಿತ್ಸಾ. ಮೂರನೇ ದಿನ ಸರ್ಪೆನಿತ್ಸಾ–ತರ್ನೋವೋ, ಹೊಸಬರು ಆ ದಿನ ರಾಫ್ಟ್‌ನಲ್ಲಿ. ನಾಲ್ಕನೇ ದಿನ ಬೆಳಿಗ್ಗೆ ಇಬ್ಬರು ಗೈಡ್ ಜತೆ ಕೋರಿತ್ನಿತ್ಸಾ, ಮಿಕ್ಕವರು ಕೋಬಾರಿದ್. ಐದನೇ ದಿನ ಮತ್ತೆ ಸರ್ಪೆನಿತ್ಸಾ. ಇನ್, ಆಖೆ ಎರಡೂ ಇಲ್ಲ. ನೀರು ಇಳಿದಿದ್ದರೆ ಇಸೆಲ್. ನಮ್ಮ ಒಂದು ಕಾರಿನ ಚಾವಣಿ 50 ಕಿಲೋ ಅಂತ ಈಗ ತಿಳಿಯಿತು, ಹಾಗಾಗಿ ಒಂದು ದೋಣಿ ಬೋವೆತ್ಸ್‌ನಲ್ಲೇ ಬಾಡಿಗೆಗೆ.

ಬಿಳಿಬಂಡೆ
ಗೈಡನ್ನು ಎರಡನೇ ದಿನದ ಬದಲು ಮೂರನೇ ದಿನಕ್ಕೆ ಹಾಕಿಕೊಳ್ಳಿ. ಬೋಕಾ–ಸರ್ಪೆನಿತ್ಸಾ ನಿಮ್ಮ ಇಬ್ಬರ ಕೈಯಲ್ಲೇ ಆಗುತ್ತದೆ, ಬಂಡೆಗಳ ನಡುವಿನ ದಾರಿ ಗೊತ್ತಿರುವವರು ಬೇಕಾಗುವುದು ಅದರ ಕೆಳಗೆ. ಬಾಡಿಗೆ ದೋಣಿ ತಗೊಂಡಾಗ ಹಿಂದೆ ಗಾಳಿಚೀಲ ಎರಡೂ ಇವೆಯಾ, ಊದಿದರೆ ನಿಲ್ಲುತ್ತವೆಯಾ ನೋಡಿ. ಕಾಲಿಡುವ ತಟ್ಟೆಯನ್ನು ಪಾದದ ಉಬ್ಬು ತಾಗುವಷ್ಟು ಹೊಂದಿಸಿ ಸ್ಕ್ರೂ ಬಿಗಿ ಮಾಡಿಸಿ.

ಬಾರಾಪೊಳೆ
ಕೆಳಗೆ ನಿಲ್ಲಿಸಿದ ಕಾರಿನ ಕೀಲಿಯನ್ನು ಮೇಲಿನ ಕಾರಲ್ಲಿ ಬಿಟ್ಟು ನೀರಿಗಿಳಿಯುವುದು ಎಲ್ಲ ಗುಂಪೂ ಮಾಡುವ ತಪ್ಪು. ಈಗಿನ ಕೀಲಿಗಳಲ್ಲಿ ಎಲೆಕ್ಟ್ರಾನಿಕ್ಸ್ ಇದೆ, ಎರಡು ಚೀಲದಲ್ಲಿ ಸುತ್ತಿ ಜಾಕೆಟ್ ಒಳಜೇಬಿಗೆ. ಕೆಳಗಿನ ಕಾರಲ್ಲಿ ಆರು ಜನರ ಒಣ ಬಟ್ಟೆ, ಒಂದು ಫ್ಲಾಸ್ಕ್ ಬಿಸಿ ಕಾಫಿ.